ಮೊದಲು ಯಾವ ಬೆಕ್ಕಿಗೆ ಆಪರೇಷನ್?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ, ಅಡಿಕೆ ತೋಟದ ನಡುವೆ ಒಂಟಿ ಮನೆ. ಒಂದೇ ಸೂಲಿನ ಎರಡು ಬೆಕ್ಕುಗಳಿವೆ. ಒಂದು ಮೂರು ಬಣ್ಣದ ಹೆಣ್ಣು, ಇನ್ನೊಂದು ಕೆಂಚು ಬಣ್ಣದ ಗಂಡು. ಎರಡಕ್ಕೂ ಈಗ ಐದು ತಿಂಗಳು. ಬೆಂಗಳೂರಿನಲ್ಲಿರುವ ಮಗಳು ಎರಡಕ್ಕೂ ಮರಿಯಾಗದಂತೆ ಆಪರೇಷನ್ ಮಾಡಿಸಲೇಬೇಕು ಎನ್ನುತ್ತಾಳೆ. ಒಂದು ಸಲವೂ ಮರಿ ಹಾಕದ ಬೆಕ್ಕಿಗೆ ಹಾಗೆ ಮಾಡಿಸಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಅತ್ತೆ ಹೇಳುತ್ತಾರೆ. ಆಪರೇಷನ್ ಆದ ಬೆಕ್ಕು ಇಲಿ ಹಿಡಿಯುವುದಿಲ್ಲ ಎಂಬುದು ಯಜಮಾನರ ವಾದ. ಖರ್ಚು ನೋಡಿದರೆ ಈ ತಿಂಗಳು ಒಂದಕ್ಕೆ ಮಾತ್ರ ಮಾಡಿಸಬಹುದು. ಮಾಡಿಸಬೇಕೇ? ಮಾಡಿಸುವುದಾದರೆ ಯಾವುದಕ್ಕೆ ಮೊದಲು?

ಉತ್ತರ: ಮಾಡಿಸಿ. ಎರಡಕ್ಕೂ ಮಾಡಿಸಿ. ಈ ತಿಂಗಳು ಒಂದಕ್ಕೆ ಮಾತ್ರ ಸಾಧ್ಯವೆಂದಾದರೆ ಮೊದಲು ಹೆಣ್ಣಿಗೆ, ಅದೂ ಮುಂದಿನ ವಾರದೊಳಗೆ. ಅತ್ತೆಯವರಿಗೂ ಯಜಮಾನರಿಗೂ ಓದಿ ಹೇಳಲು ನಿಮಗೆ ಕಾರಣಗಳು ಬೇಕಲ್ಲ, ಅವನ್ನು ಬರೆಯುತ್ತೇನೆ.

ಐದು ತಿಂಗಳ ಬೆಕ್ಕು ನಮ್ಮ ಕಣ್ಣಿಗೆ ಇನ್ನೂ ಮರಿಯೇ. ಅಂಗಳದಲ್ಲಿ ಉರುಳುವ ಗೋಟಡಿಕೆಯ ಹಿಂದೆ ಓಡುತ್ತದೆ, ತನ್ನ ಬಾಲವನ್ನೇ ಹಿಡಿಯಲು ಗಿರಗಿರನೆ ಸುತ್ತುತ್ತದೆ. ಅಷ್ಟರಲ್ಲಿ ಅದರ ದೇಹ ಬೇರೆಯೇ ಲೆಕ್ಕ ಹಾಕಿರುತ್ತದೆ. ಹೆಣ್ಣು ಬೆಕ್ಕುಗಳಲ್ಲಿ ಕೆಲವು ನಾಲ್ಕು ತಿಂಗಳಿಗೇ ಬೆದೆಗೆ ಬರುತ್ತವೆ. ಹೆಚ್ಚಿನವು ಐದರಿಂದ ಒಂಬತ್ತು ತಿಂಗಳ ನಡುವೆ ಬರುತ್ತವೆ. ಗಂಡು ತುಸು ತಡ, ಅಷ್ಟೇ. ಒಂದೇ ಸೂಲಿನ ಅಣ್ಣ ತಂಗಿ ಎಂಬ ಸಂಬಂಧ ನಾವು ಕಟ್ಟಿಕೊಂಡಿರುವುದು. ಬೆಕ್ಕುಗಳು ಅದನ್ನು ಒಪ್ಪಿಲ್ಲ. ನಾನು ಓದುವ ಕಾಲದಲ್ಲಿ ಆರು ತಿಂಗಳು ತುಂಬಲಿ, ಆಮೇಲೆ ನೋಡೋಣ ಎನ್ನುತ್ತಿದ್ದರು. ಆ ಆರು ತಿಂಗಳು ತುಂಬುವುದರೊಳಗೆ ಎಷ್ಟೋ ಬೆಕ್ಕುಗಳು ಹೊಟ್ಟೆ ತುಂಬಿಸಿಕೊಂಡು ಬಂದಿರುತ್ತಿದ್ದವು. ಈಗ ಆ ಲೆಕ್ಕ ಬದಲಾಗಿದೆ. ಸಾಕುಬೆಕ್ಕಿಗೆ ಐದು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆಗಿರಬೇಕು ಎಂಬ ಸಲಹೆಯನ್ನು ಅಮೆರಿಕದ ಪಶುವೈದ್ಯರ ಸಂಘವೂ 2017ರಲ್ಲಿ ಅನುಮೋದಿಸಿತು. ನಿಮ್ಮವು ಆ ಗಡಿಯ ಮೇಲೆಯೇ ನಿಂತಿವೆ.

ಬೆಕ್ಕಿನ ಬೆದೆ ಹಗಲಿನ ಉದ್ದವನ್ನು ನೋಡಿಕೊಂಡು ಬರುತ್ತದೆ. ಯೂರೋಪಿನಲ್ಲಿ ಚಳಿಗಾಲದ ಗಿಡ್ಡ ಹಗಲು ಶುರುವಾದರೆ ಹೆಣ್ಣು ಬೆಕ್ಕಿಗೆ ಕೆಲವು ತಿಂಗಳ ಬಿಡುವು ಸಿಗುತ್ತದೆ. ನಮ್ಮ ಮಲೆನಾಡಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ಅಂತರ. ಅದರ ಮೇಲೆ ಮನೆಯೊಳಗೆ ರಾತ್ರಿ ಹತ್ತರ ತನಕ ಉರಿಯುವ ದೀಪ. ಆದ್ದರಿಂದ ಇಲ್ಲಿ ಹೆಣ್ಣು ಬೆಕ್ಕಿಗೆ ಬಿಡುವಿನ ಕಾಲ ಎಂಬುದೇ ಇಲ್ಲದಂತಾಗಿದೆ.

ಬೆದೆಗೆ ಬಂದದ್ದು ನಿಮಗೆ ತಿಳಿಯದೆ ಹೋಗುವುದಿಲ್ಲ. ಒಮ್ಮೆ ಬೆಳಗಿನ ಮೊದಲ ಬಸ್ಸಿಗೇ ಒಬ್ಬ ರೈತರು ಬುಟ್ಟಿಯಲ್ಲಿ ಬೆಕ್ಕು ಹೊತ್ತುಕೊಂಡು ಬಂದಿದ್ದರು. ಸೊಂಟ ಮುರಿದಿದೆ ಡಾಕ್ಟರೇ, ಮುಂಗಾಲು ಊರಿ ಹಿಂಭಾಗ ಎತ್ತಿಕೊಂಡು ತೆವಳುತ್ತಿದೆ, ನೋವು ತಾಳಲಾರದೆ ರಾತ್ರಿಯಿಡೀ ಅರಚಿದೆ ಎಂದರು. ನಾನು ಅದರ ಬೆನ್ನಿನ ಮೇಲೆ ಕೈಯಾಡಿಸಿದೆ. ಬಾಲವನ್ನು ಪಕ್ಕಕ್ಕೆ ತಿರುಗಿಸಿ ಹಿಂಗಾಲುಗಳಿಂದ ನೆಲ ತುಳಿಯತೊಡಗಿತು. ಸೊಂಟ ಸರಿಯಾಗಿದೆ, ಅದಕ್ಕೆ ಮದುವೆಯ ಕಾಲ ಬಂದಿದೆ ಎಂದೆ. ಹತ್ತು ಕಿಲೋಮೀಟರ್ ದೂರದಿಂದ ಬಂದವರಿಗೆ ನನ್ನ ಮಾತು ರುಚಿಸಲಿಲ್ಲ. ಈ ಅರಚಾಟ ಸುಮಾರು ಒಂದು ವಾರ ನಡೆಯುತ್ತದೆ. ಗಂಡು ಸಿಗದಿದ್ದರೆ ಮುಗಿದುಹೋಯಿತು ಎಂದುಕೊಳ್ಳಬೇಡಿ. ಬೆಕ್ಕಿನಲ್ಲಿ ಅಂಡ ಬಿಡುಗಡೆಯಾಗುವುದು ಸಾಮಾನ್ಯವಾಗಿ ಕೂಡಿದ ನಂತರ, ಕೂಡಿದ ಕಾರಣದಿಂದಲೇ. ಕೂಡದಿದ್ದರೆ ಸಾಮಾನ್ಯವಾಗಿ ಅಂಡ ಬಿಡುಗಡೆಯಾಗುವುದಿಲ್ಲ, ಎರಡು ಮೂರು ವಾರಗಳಲ್ಲಿ ಮತ್ತೆ ಬೆದೆ. ಕೋಣೆಯಲ್ಲಿ ಕೂಡಿಹಾಕಿದರೆ ಸಾಕು ಎನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಂಚಿನ ಮನೆಯಲ್ಲಿ, ಅಟ್ಟ, ಹುಲ್ಲಿನ ಗೊಣಬೆ, ಕೊಟ್ಟಿಗೆ ಎಲ್ಲ ಒಂದಕ್ಕೊಂದು ಕೂಡಿಕೊಂಡಿರುವಲ್ಲಿ, ಬೆಕ್ಕನ್ನು ಕೂಡಿಹಾಕುವುದು ಎಂಬ ಮಾತೇ ನಗೆ ತರಿಸುತ್ತದೆ.

ಗರ್ಭದ ಅವಧಿ ಅರವತ್ತಮೂರರಿಂದ ಅರವತ್ತೈದು ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ಮೂರರಿಂದ ಐದು ಮರಿ. ಆ ಮರಿಗಳು ಇನ್ನೂ ಮೊಲೆ ಚೀಪುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗಬಹುದು. ಒಂದೇ ಬೆದೆಯಲ್ಲಿ ಹಲವು ಗಂಡುಗಳು ಬಂದಿದ್ದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರೂ ಇರಬಹುದು. ಒಂದು ಬಿಳಿ, ಒಂದು ಕಪ್ಪು, ಒಂದು ಹುಲಿಪಟ್ಟೆ ಎಂದು ನಿಮ್ಮ ಅಟ್ಟದಲ್ಲಿ ಕಂಡದ್ದರ ಹಿಂದೆ ಕೆಲವೊಮ್ಮೆ ಈ ಕಥೆಯಿರುತ್ತದೆ.

ಇಲ್ಲಿ ನಿಮ್ಮ ಮಗಳು ಮೊಬೈಲಿನಲ್ಲಿ ಕಳಿಸಿರಬಹುದಾದ ಒಂದು ಲೆಕ್ಕದ ಬಗ್ಗೆ ಹೇಳಿಬಿಡುತ್ತೇನೆ. ಒಂದು ಹೆಣ್ಣು ಬೆಕ್ಕು ಮತ್ತು ಅದರ ಸಂತತಿ ಸೇರಿ ಏಳು ವರ್ಷಗಳಲ್ಲಿ 4,20,000 ಬೆಕ್ಕುಗಳಾಗುತ್ತವೆ ಎಂಬ ಚಿತ್ರ ಎಲ್ಲೆಡೆ ಓಡಾಡುತ್ತಿದೆ. ಅದನ್ನು ನಂಬಬೇಡಿ. ಹುಟ್ಟಿದ ಮರಿ ಒಂದೂ ಸಾಯದೆ, ಎಲ್ಲವೂ ವರ್ಷವಿಡೀ ಮರಿ ಹಾಕುತ್ತಲೇ ಇದ್ದರೆ ಮಾತ್ರ ಬರುವ ಲೆಕ್ಕ ಅದು. ಒಳ್ಳೆಯ ಕೆಲಸಕ್ಕೆ ಸುಳ್ಳು ಅಂಕಿ ಬಳಸಿದರೆ ಯಜಮಾನರಂಥವರು ಮೊದಲ ಸಾಲಿನಲ್ಲೇ ಕಾಗದ ಮಡಚಿಡುತ್ತಾರೆ. ನಿಜವಾದ ಲೆಕ್ಕ ಇನ್ನೂ ಕಹಿ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಬೀದಿಬೆಕ್ಕುಗಳ ಮರಿಗಳನ್ನು ಹುಟ್ಟಿನಿಂದ ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಆರು ತಿಂಗಳು ತುಂಬುವ ಮೊದಲೇ ಮುಕ್ಕಾಲು ಪಾಲು ಮರಿಗಳು ಸತ್ತಿದ್ದವು ಅಥವಾ ಕಾಣೆಯಾಗಿದ್ದವು. ಬೆಕ್ಕಿನ ಸಂಖ್ಯೆ ಲಕ್ಷಕ್ಕೆ ಏರದಿರುವುದು ಈ ಕಾರಣಕ್ಕೆ.

ಅತ್ತೆಯವರ ಪಾಪದ ಮಾತಿಗೆ ಈಗ ಬರುತ್ತೇನೆ. ಅದನ್ನು ಹಗುರವಾಗಿ ತೆಗೆದುಕೊಳ್ಳುವವನು ನಾನಲ್ಲ. ತಾಯ್ತನವನ್ನು ಕಿತ್ತುಕೊಳ್ಳಬಾರದು ಎಂಬುದರ ಹಿಂದೆ ಪ್ರಾಣಿಯ ಬಗೆಗಿನ ನಿಜವಾದ ಮರುಕವಿದೆ. ಆದರೆ ನಮ್ಮ ಮನೆಗಳಲ್ಲಿ ಬೆಕ್ಕಿನ ಸಂತತಿಗೆ ಕಡಿವಾಣ ಯಾವಾಗಲೂ ಇತ್ತು. ಅದರ ಹೆಸರು ಗೋಣಿಚೀಲ. ಮರಿಗಳು ಕಣ್ಣು ಬಿಟ್ಟು ಅಡುಗೆಮನೆಗೆ ಬರತೊಡಗಿದ ಕೂಡಲೇ ಯಾರೋ ಒಬ್ಬರು, ಹೆಚ್ಚಾಗಿ ಮನೆಯ ಆಳು ಅಥವಾ ಪೇಟೆಗೆ ಹೊರಟ ಹುಡುಗ, ಚೀಲದಲ್ಲಿ ತುಂಬಿಕೊಂಡು ಹೋಗಿ ಮೀನು ಮಾರುಕಟ್ಟೆಯ ಹಿಂದೆಯೋ ಸಂತೆ ಮಾಳದಲ್ಲೋ ಬಿಟ್ಟು ಬರುತ್ತಾನೆ. ಅಲ್ಲಿ ಅವುಗಳಿಗೆ ಮೀನು ಸಿಗುತ್ತದೆ ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಆರು ವಾರದ ಮರಿಗೆ ಅಲ್ಲಿ ಸಿಗುವುದು ನಾಯಿ, ಲಾರಿ ಮತ್ತು ಮಳೆ. ಅದರಲ್ಲೂ ಹೆಣ್ಣು ಮರಿಗಳೇ ಹೆಚ್ಚು ಹೋಗುತ್ತವೆ. ಗಂಡು ಮರಿ ಇದ್ದರೆ ಕೊಡಿ ಎಂದು ಕೇಳಿ ಒಯ್ಯುವವರು ಸಿಗುತ್ತಾರೆ, ಹೆಣ್ಣನ್ನು ಯಾರೂ ಕೇಳುವುದಿಲ್ಲ. ಹಸಿವು ಬಾಯಾರಿಕೆಗೆ ತುತ್ತಾಗುವಂತೆ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ, ಅಷ್ಟೇ. ಕಾನೂನಿಗೆ ಹೆದರಿ ಯಾರೂ ಚೀಲ ಕೆಳಗಿಡುವುದಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಪ್ರಕೃತಿಗೆ ವಿರುದ್ಧ ಎನ್ನುವವರಿಗೆ ನಾನು ಕೊಟ್ಟಿಗೆಯ ಕಡೆ ಕೈ ತೋರಿಸುತ್ತಿದ್ದೆ. ಗದ್ದೆ ಉಳುವ ಎತ್ತು ಎತ್ತಾಗಿ ಹುಟ್ಟಿಲ್ಲ. ಹೋರಿಯ ಬೀಜ ಒಡೆಸಿದ ಮೇಲೆಯೇ ಅದು ಎತ್ತಾಗುವುದು. ಇಕ್ಕಳ ಬರುವುದಕ್ಕೆ ಮೊದಲು ಆ ಕೆಲಸವನ್ನು ಹಿರಿಯರು ಹೇಗೆ ಮಾಡಿಸುತ್ತಿದ್ದರು ಎಂಬುದನ್ನು ಅತ್ತೆಯವರು ಚಿಕ್ಕಂದಿನಲ್ಲಿ ನೋಡಿರಬಹುದು, ಅರಿವಳಿಕೆಯೂ ಇಲ್ಲ ಮಾತ್ರೆಯೂ ಇಲ್ಲ. ಅದನ್ನು ಪಾಪವೆಂದು ಯಾರೂ ಕರೆಯಲಿಲ್ಲ, ಉಳುಮೆ ನಡೆಯಬೇಕಿತ್ತು. ಬೆಕ್ಕಿಗೆ ನಾವು ಮಾಡುವುದು ಅರಿವಳಿಕೆ ಕೊಟ್ಟು, ನೋವು ನಿವಾರಕ ಕೊಟ್ಟು. ಬೆಕ್ಕು ತನಗೆ ಮರಿಗಳಾಗಲಿಲ್ಲ ಎಂದು ಕೊರಗುತ್ತದೆ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ತಾಯಿ ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಏಳು ಮನೆ ತಿರುಗುತ್ತದೆ ಎಂದು ಹೇಳುತ್ತೇವಲ್ಲ, ಅದನ್ನು ತಾಯ್ತನದ ಸೊಗಸೆಂದು ನೋಡುವವರಿದ್ದಾರೆ. ಅದು ಜಾಗ ಬದಲಿಸುವುದು ಬಹಳ ಸಲ ಭಯದಿಂದ. ಹೊರಗಿನ ಮಾಳ ಬೆಕ್ಕು, ಅಂದರೆ ಗಂಡು ಬೆಕ್ಕು, ಬಂದು ಮರಿಗಳನ್ನು ಕೊಂದುಹಾಕುವುದುಂಟು, ಮಲೆನಾಡಿನ ಹೆಂಗಸರಿಗೆ ಇದು ಪುಸ್ತಕ ಓದಿ ತಿಳಿಯಬೇಕಾದ ವಿಷಯವಲ್ಲ.

ಒಂದು ಸಲವಾದರೂ ಮರಿ ಹಾಕಲಿ ಎಂಬುದಕ್ಕೆ ವೈದ್ಯಕೀಯವಾಗಿ ಒಂದೂ ಲಾಭವಿಲ್ಲ, ನಷ್ಟವಿದೆ. ಬೆಕ್ಕಿನ ಮೊಲೆಯಲ್ಲಿ ಗಂಟು ಕಂಡರೆ ನಾವು ವೈದ್ಯರು ಮೊದಲೇ ಮುಖ ಸಣ್ಣ ಮಾಡಿಕೊಳ್ಳುತ್ತೇವೆ, ಏಕೆಂದರೆ ಬೆಕ್ಕಿನಲ್ಲಿ ಇಂಥ ಗಂಟುಗಳಲ್ಲಿ ಶೇಕಡ 85ರಿಂದ 90ರಷ್ಟು ಕ್ಯಾನ್ಸರ್ ಆಗಿರುತ್ತವೆ. ನಾಯಿಯಲ್ಲಿ ಸುಮಾರು ಅರ್ಧದಷ್ಟು ಮಾತ್ರ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರು ತಿಂಗಳಿಗೆ ಮೊದಲು ಗರ್ಭಕೋಶ ಅಂಡಾಶಯ ತೆಗೆಸಿದ ಬೆಕ್ಕುಗಳಲ್ಲಿ ಈ ಕ್ಯಾನ್ಸರಿನ ಅಪಾಯ ಶೇಕಡ 91ರಷ್ಟು ಕಡಿಮೆಯಿತ್ತು. ಒಂದು ವರ್ಷದೊಳಗೆ ತೆಗೆಸಿದರೆ ಶೇಕಡ 86. ಎರಡು ವರ್ಷ ದಾಟಿದ ಮೇಲೆ ಮಾಡಿಸಿದವುಗಳಲ್ಲಿ ಈ ರಕ್ಷಣೆ ಕಾಣಲಿಲ್ಲ. ಒಂದು ಸೂಲು ಆಗಲಿ, ಆ ಮರಿಗಳು ದೊಡ್ಡವಾಗಲಿ, ಅಡಿಕೆ ಕೊಯ್ಲು ಮುಗಿಯಲಿ ಎನ್ನುತ್ತಾ ನೀವು ಕಳೆಯುವುದು ಈ ಅವಧಿಯನ್ನೇ. ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯೂ ಇದೆ. ಅಂಥ ಬೆಕ್ಕನ್ನು ಜ್ವರ ಬಂದು ಅನ್ನ ಬಿಟ್ಟ ಮೇಲೆ ತರುತ್ತಾರೆ, ಆಗ ಇದೇ ಶಸ್ತ್ರಚಿಕಿತ್ಸೆಯನ್ನು ಸಾವಿನ ಅಂಚಿನಲ್ಲಿರುವ ದೇಹದ ಮೇಲೆ ಮಾಡಬೇಕಾಗುತ್ತದೆ. ಗರ್ಭಕೋಶವೇ ಇಲ್ಲದಿದ್ದರೆ ಕೀವು ತುಂಬಲು ಜಾಗವಿಲ್ಲ.

ಔಷಧದ ಅಂಗಡಿಯವರು ಹಾಲಿನಲ್ಲಿ ಪುಡಿ ಮಾಡಿ ಹಾಕಿ ಎಂದು ಮನುಷ್ಯರ ಗರ್ಭನಿರೋಧಕ ಮಾತ್ರೆ ಕೊಟ್ಟರೆ ದಯವಿಟ್ಟು ತೆಗೆದುಕೊಳ್ಳಬೇಡಿ. ಹಾರ್ಮೋನ್ ಇಂಜೆಕ್ಷನ್ನೂ ಬೇಡ. ಬೆದೆಯನ್ನು ಅವು ತಡೆಯುತ್ತವೆ, ನಿಜ. ಮೊಲೆಗಳು ಬಾತುಕೊಳ್ಳುವುದು, ಗರ್ಭಕೋಶದ ಕೀವು, ಸಕ್ಕರೆ ಕಾಯಿಲೆ, ಇವೆಲ್ಲ ಆ ಅಗ್ಗದ ಉಪಾಯದ ಬೆನ್ನಿಗೆ ಬರುತ್ತವೆ. ಒಟ್ಟು ಖರ್ಚು ನೋಡಿದರೆ ಅದು ಅಗ್ಗವೂ ಅಲ್ಲ.

ಇನ್ನು ನಿಮ್ಮ ಕೆಂಚ. ಮೊದಲು ಅದರ ಬಾಲ ಎತ್ತಿ ನೋಡಿ. ತಮಾಷೆಯಲ್ಲ. ಬೆಕ್ಕಿನ ಕೆಂಚು ಬಣ್ಣದ ಗುಣಾಣು ಎಕ್ಸ್ ವರ್ಣತಂತುವಿನ ಮೇಲಿದೆ. ಕೆಂಚು ಮತ್ತು ಕಪ್ಪು ಒಂದೇ ಮೈಮೇಲೆ ಕಾಣಬೇಕಾದರೆ ಎರಡು ಎಕ್ಸ್ ಬೇಕು. ಹಾಗಾಗಿ ಮೂರು ಬಣ್ಣದ ಬೆಕ್ಕು ಹೆಣ್ಣೇ, ಅಪರೂಪಕ್ಕೊಂದು ಗಂಡು ಹುಟ್ಟಿದರೂ ಅದು ಸಾಮಾನ್ಯವಾಗಿ ಬಂಜೆ. ಪೂರ್ತಿ ಕೆಂಚು ಬೆಕ್ಕುಗಳಲ್ಲಿ ಗಂಡೇ ಹೆಚ್ಚು, ಆದರೆ ಹೆಣ್ಣೂ ಇರುತ್ತದೆ. ಮರಿಯಾಗಿದ್ದಾಗ ಯಾರೋ ಗಂಡು ಎಂದು ಹೇಳಿದ್ದನ್ನೇ ನಂಬಿ, ಬಸವ ಎಂದು ಹೆಸರಿಟ್ಟು ಸಾಕಿದ ಕೆಂಚು ಬೆಕ್ಕೊಂದನ್ನು ಹೊಟ್ಟೆಯ ಗೆಡ್ಡೆ ಎಂದು ನನ್ನ ಮೇಜಿನ ಮೇಲೆ ತಂದಿಟ್ಟಿದ್ದರು. ಗೆಡ್ಡೆಗಳು ನಾಲ್ಕಿದ್ದವು, ಹತ್ತು ದಿನಗಳ ನಂತರ ಹುಟ್ಟಿದವು. ನಿಮ್ಮ ಕೆಂಚನೂ ಹೆಣ್ಣಾಗಿದ್ದರೆ ಯಾವುದಕ್ಕೆ ಮೊದಲು ಎಂಬ ನಿಮ್ಮ ಪ್ರಶ್ನೆಯೇ ಬದಲಾಗುತ್ತದೆ, ಎರಡಕ್ಕೂ ಒಟ್ಟಿಗೆ ಹಣ ಹೊಂದಿಸಬೇಕಾಗುತ್ತದೆ.

ಗಂಡೇ ಎಂದಿಟ್ಟುಕೊಳ್ಳೋಣ. ಬೀಜ ತೆಗೆಸದ ಗಂಡು ಬೆಕ್ಕಿನ ಆಯುಷ್ಯ ಹೊಡೆದಾಟದಲ್ಲಿ ಸವೆಯುತ್ತದೆ. ನಾಲ್ಕು ದಿನ ಮನೆಗೆ ಬರುವುದಿಲ್ಲ, ಐದನೆಯ ದಿನ ಕಿವಿ ಹರಿದುಕೊಂಡು, ಕೆನ್ನೆಯಲ್ಲಿ ನಿಂಬೆಹಣ್ಣಿನ ಗಾತ್ರದ ಕೀವುಗಡ್ಡೆ ಇಟ್ಟುಕೊಂಡು ಬರುತ್ತದೆ. ಬೆಕ್ಕಿನ ಕೋರೆಹಲ್ಲಿನ ಗಾಯ ಮೇಲೆ ಸೂಜಿಮೊನೆಯಷ್ಟು, ಒಳಗೆ ಆಳ. ಚರ್ಮ ಒಂದು ದಿನದಲ್ಲಿ ಮುಚ್ಚಿಕೊಂಡು ಕೀವು ಒಳಗೆ ಉಳಿಯುತ್ತದೆ. ಬೆಕ್ಕುಗಳ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಎಫ್‌ಐವಿ ಎಂಬ ವೈರಸ್ ಹರಡುವುದೂ ಮುಖ್ಯವಾಗಿ ಇಂಥ ಕಡಿತದಿಂದಲೇ. ಅದು ಮನುಷ್ಯರಿಗೆ ಬರುವುದಿಲ್ಲ, ಹೆದರಬೇಡಿ. ರೇಬಿಸ್ ಬರುತ್ತದೆ, ಅದಕ್ಕೆ ಹೆದರಿ. ಎರಡಕ್ಕೂ ಮೂರು ತಿಂಗಳಲ್ಲಿ ಹಾಕಿಸಬೇಕಾದ ರೇಬಿಸ್ ಲಸಿಕೆ ಆಗಿಲ್ಲದಿದ್ದರೆ ಹೋದಾಗ ಅದನ್ನೂ ಕೇಳಿ. ಮತ್ತೆ ಆ ಮೂತ್ರದ ವಾಸನೆ. ಗೋಡೆ, ಕಂಬ, ಅಕ್ಕಿ ಮೂಟೆ, ಒಣಹಾಕಿದ ಅಡಿಕೆ, ಬಾಲ ನಡುಗಿಸುತ್ತಾ ಎಲ್ಲಿ ಬೇಕೆಂದರಲ್ಲಿ ಸಿಂಪಡಿಸುತ್ತದೆ. ಬೀಜ ತೆಗೆಸಿದರೆ ಹತ್ತರಲ್ಲಿ ಒಂಬತ್ತು ಗಂಡುಗಳು ಈ ಅಭ್ಯಾಸವನ್ನು ಬಿಡುತ್ತವೆ ಅಥವಾ ತುಂಬ ಕಡಿಮೆ ಮಾಡುತ್ತವೆ. ಗಂಡಿನ ಶಸ್ತ್ರಚಿಕಿತ್ಸೆ ಕೆಲವು ನಿಮಿಷಗಳದ್ದು, ಸಾಮಾನ್ಯವಾಗಿ ಹೊಲಿಗೆಯೂ ಬೇಕಿಲ್ಲ, ಖರ್ಚೂ ಕಡಿಮೆ.

ಕಡಿಮೆ ಖರ್ಚಿನದ್ದು ಎಂದ ಕೂಡಲೇ ಈ ತಿಂಗಳು ಅದನ್ನೇ ಮುಗಿಸೋಣ ಎಂದು ಯಜಮಾನರಿಗೆ ಅನ್ನಿಸುತ್ತದೆ. ತಡೆಯಿರಿ. ಮನೆಯ ಗಂಡಿಗೆ ಮಾಡಿಸಿ ಹೆಣ್ಣನ್ನು ಹಾಗೆಯೇ ಬಿಟ್ಟರೆ ಮರಿಗಳ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ. ಸುತ್ತಲಿನ ತೋಟಗಳಲ್ಲಿ ತಿರುಗುವ ಒಂದು ಮಾಳ ಬೆಕ್ಕು ಸಾಕು, ಅದು ವಾಸನೆ ಹಿಡಿದು ಹೊಳೆ ದಾಟಿಯೂ ಬರುತ್ತದೆ. ಹೆಣ್ಣಿಗೆ ಮಾಡಿಸಿದರೆ ಎಷ್ಟು ಗಂಡು ಬಂದರೂ ನಿಮ್ಮ ಅಟ್ಟದಲ್ಲಿ ಮರಿ ಇಲ್ಲ. ಇನ್ನೊಂದು ಸಂಗತಿ ಅನೇಕರಿಗೆ ತಿಳಿದಿಲ್ಲ. ಬೀಜ ತೆಗೆದ ಮೇಲೂ ನಾಳಗಳಲ್ಲಿ ಉಳಿದ ವೀರ್ಯದಿಂದ ಗಂಡು ಕೆಲವು ವಾರಗಳ ತನಕ ಗರ್ಭ ಕಟ್ಟಿಸಬಲ್ಲದು. ಹಾಗಾಗಿ ಹೆಣ್ಣಿಗೆ ಈ ತಿಂಗಳು, ಗಂಡಿಗೆ ಮುಂದಿನ ತಿಂಗಳು. ಅದನ್ನು ಮುಂದಿನ ವರ್ಷಕ್ಕೆ ತಳ್ಳಬೇಡಿ ಎಂದು ಮಾತ್ರ ಹೇಳುತ್ತೇನೆ, ಮನೆಯ ಹೆಣ್ಣಿನ ಸಮಸ್ಯೆ ಮುಗಿದ ಕೂಡಲೇ ಗಂಡಿನದ್ದು ಮರೆತುಹೋಗುವುದು ಎಲ್ಲ ಮನೆಗಳ ಕಥೆ. ಊರಿನ ಉಳಿದ ಹೆಣ್ಣು ಬೆಕ್ಕುಗಳು ಎಲ್ಲಿ ಹೋಗಬೇಕು?

ಇಲಿಯ ವಿಚಾರದಲ್ಲಿ ಯಜಮಾನರ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಮರಿಗಳಿರುವ ತಾಯಿ ಬೆಕ್ಕು ಬೇಟೆಯಲ್ಲಿ ಎಲ್ಲರಿಗಿಂತ ಚುರುಕು, ಏಕೆಂದರೆ ಅದು ಮರಿಗಳಿಗೆ ಇಲಿ ತಂದು ಹಾಕಿ ಬೇಟೆ ಕಲಿಸುತ್ತದೆ. ಅಂಥ ಬೆಕ್ಕನ್ನು ನೋಡಿದವರಿಗೆ ಮರಿ ಇಲ್ಲದ ಬೆಕ್ಕು ಸೋಮಾರಿಯಾಗಿ ಕಾಣಿಸಬಹುದು. ಆದರೆ ಬೇಟೆಯ ಗುಣ ಬೀಜದಲ್ಲೂ ಇಲ್ಲ, ಅಂಡಾಶಯದಲ್ಲೂ ಇಲ್ಲ. ಹೊಟ್ಟೆ ತುಂಬಿದ ಬೆಕ್ಕು ಕೂಡ ಇಲಿಯನ್ನು ಹಿಡಿದು, ಆಡಿಸಿ, ತಿನ್ನದೆ ಬಿಟ್ಟುಹೋಗುವುದನ್ನು ನೀವು ನೋಡಿದ್ದೀರಿ. ಆಪರೇಷನ್ ಆದ ಬೆಕ್ಕು ಇಲಿ ಬಿಟ್ಟಿತು ಎಂದು ನನ್ನ ಬಳಿ ದೂರು ತಂದವರ ಮನೆಗಳಲ್ಲಿ ನಾನು ಕಂಡದ್ದು ಒಂದೇ ಕಾರಣ: ದಿನಕ್ಕೆ ಮೂರು ಹೊತ್ತು ಹಾಲು ಅನ್ನ ಸುರಿದು ಅದನ್ನು ದಿಂಬಿನಂತೆ ಮಾಡಿಟ್ಟಿದ್ದರು. ಇನ್ನೊಂದು ಲಾಭವನ್ನೂ ಯಜಮಾನರಿಗೆ ಹೇಳಿ. ಬೀಜ ತೆಗೆಸಿದ ಗಂಡು ಮನೆಯ ಆಸುಪಾಸಿನಲ್ಲೇ ತಿರುಗುತ್ತದೆ. ಹೆಣ್ಣು ಹುಡುಕಿಕೊಂಡು ಮೂರು ಊರಾಚೆ ಹೋದ ಬೆಕ್ಕು ನಿಮ್ಮ ಅಡಿಕೆ ಚೀಲದ ಇಲಿ ಹಿಡಿಯಲಾರದು.

ಅಪಾಯವೇ ಇಲ್ಲ ಎಂದು ಯಾವ ವೈದ್ಯರಾದರೂ ಹೇಳಿದರೆ ಅವರನ್ನು ನಂಬಬೇಡಿ. ಅರಿವಳಿಕೆಯಲ್ಲಿ ಅಪಾಯವಿದೆ. ಬ್ರಿಟನ್ನಿನಲ್ಲಿ ದೊಡ್ಡ ಪ್ರಮಾಣದಲ್ಲಿ ಲೆಕ್ಕ ಹಿಡಿದು 2008ರಲ್ಲಿ ಪ್ರಕಟಿಸಿದಾಗ, ಆರೋಗ್ಯವಾಗಿದ್ದ ಬೆಕ್ಕುಗಳಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು ಶೇಕಡ 0.11, ಅಂದರೆ ಸುಮಾರು ಒಂಬತ್ತು ನೂರರಲ್ಲಿ ಒಂದು. ನನ್ನ ಕೈಯಲ್ಲೂ ಸತ್ತಿವೆ. ಆ ಮನೆಯವರ ಮುಖ ನೆನಪಿದೆ. ಬೆಕ್ಕಿಗೆ ಶೀತ, ಭೇದಿ, ಹುಳುವಿನ ಬಾಧೆ ಇದ್ದರೆ, ತೀರ ಬಡಕಲಾಗಿದ್ದರೆ ಮುಂದೂಡಿ. ಮಾರಕವಾದ ಪ್ಯಾನ್‌ಲ್ಯೂಕೋಪೀನಿಯಾ ಸೇರಿ ಮೂರು ಕಾಯಿಲೆಗಳಿಗೆ ಒಂದೇ ಲಸಿಕೆ ಇದೆ, ಆಸ್ಪತ್ರೆಗೆ ಬೇರೆ ರೋಗಿಷ್ಠ ಬೆಕ್ಕುಗಳೂ ಬರುವುದರಿಂದ ಅದನ್ನು ಕೆಲವು ವಾರ ಮೊದಲೇ ಹಾಕಿಸಿದ್ದರೆ ಒಳ್ಳೆಯದು. ನಿಮ್ಮ ಹೆಣ್ಣಿಗೆ ಆ ಲಸಿಕೆ ಆಗಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯನ್ನು ಎಷ್ಟು ದಿನ ಮುಂದೂಡಬಹುದು ಎಂಬುದನ್ನು ಪರೀಕ್ಷಿಸಿದ ವೈದ್ಯರೇ ಹೇಳಬೇಕು, ನಾನು ಇಲ್ಲಿ ಕುಳಿತು ಹೇಳುವುದು ಸರಿಯಲ್ಲ.

ಶಸ್ತ್ರಚಿಕಿತ್ಸೆಯ ನಂತರ ಹಸಿವು ಹೆಚ್ಚುತ್ತದೆ, ದೇಹಕ್ಕೆ ಬೇಕಾದ ಆಹಾರ ಮಾತ್ರ ಕಾಲು ಭಾಗದಷ್ಟು ಕಡಿಮೆಯಾಗುತ್ತದೆ. ಬೊಜ್ಜು ಬರುವುದು ಈ ಸಂದಿಯಲ್ಲಿ, ಬೊಜ್ಜಿನ ಹಿಂದೆ ಸಕ್ಕರೆ ಕಾಯಿಲೆ, ಮೂತ್ರದ ತೊಂದರೆ. ತೀರ ಚಿಕ್ಕದರಲ್ಲೇ ಬೀಜ ತೆಗೆಸಿದರೆ ಗಂಡಿನ ಮೂತ್ರನಾಳ ಸಣ್ಣದಾಗಿಯೇ ಉಳಿದು ಮೂತ್ರ ಕಟ್ಟಿಕೊಳ್ಳುತ್ತದೆ ಎಂದು ನನ್ನ ಗುರುಗಳು ನಂಬಿದ್ದರು, ನಾನೂ ಬಹಳ ವರ್ಷ ನಂಬಿದ್ದೆ. ಅಳೆದು ನೋಡಿದಾಗ ಅಂಥ ವ್ಯತ್ಯಾಸ ಕಂಡಿಲ್ಲ. ಎಲುಬಿನ ಬೆಳವಣಿಗೆಯ ಕೊನೆಗಳು ಕೂಡಿಕೊಳ್ಳುವುದು ತಡವಾಗುತ್ತದೆ ಎಂಬುದು ಮಾತ್ರ ನಿಜ. ದಪ್ಪಗಾದ ಎಳೆಯ ಗಂಡುಗಳಲ್ಲಿ ಅಪರೂಪಕ್ಕೆ ತೊಡೆಯೆಲುಬಿನ ತಲೆ ಜಾರುವುದಿದೆ. ಆದ್ದರಿಂದ ಕೆಂಚನ ತಟ್ಟೆಯ ಮೇಲೆ ಒಂದು ಕಣ್ಣಿಡಿ. ಬೆಕ್ಕು ಮಾಂಸಾಹಾರಿ ಪ್ರಾಣಿ. ಹಾಲು ಅನ್ನವೊಂದರಲ್ಲೇ ಬದುಕಿದರೆ ಟಾರಿನ್ ಎಂಬ ಅಂಶ ಸಿಗದೆ ಕಣ್ಣು, ಹೃದಯ ಕೆಡುತ್ತವೆ. ನಿಮ್ಮಲ್ಲಿ ಇಲಿಗಳು ಅದನ್ನು ಒದಗಿಸುತ್ತಿವೆ. ಸಸ್ಯಾಹಾರಿ ಮನೆಯಲ್ಲಿ ಬೆಕ್ಕನ್ನು ಒಳಗೇ ಸಾಕುವವರು ಈ ವಿಷಯದಲ್ಲಿ ಒಂದು ತೀರ್ಮಾನಕ್ಕೆ ಬರಲೇಬೇಕು.

ಆಸ್ಪತ್ರೆಯ ಮಾತಿಗೆ ಬರೋಣ. ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಮೊದಲು ಕೇಳಿ. ಅಲ್ಲಿಯ ವೈದ್ಯರು ಬೆಕ್ಕಿನ ಶಸ್ತ್ರಚಿಕಿತ್ಸೆ ಮಾಡುವವರಾದರೆ ಖರ್ಚು ಬಹಳ ಇಳಿಯುತ್ತದೆ. ಎಲ್ಲರೂ ಮಾಡುವುದಿಲ್ಲ. ದನ ಎಮ್ಮೆಗಳಲ್ಲಿ ಕೈ ಪಳಗಿದವರು ಎರಡು ಕಿಲೋ ತೂಕದ ಬೆಕ್ಕನ್ನು ಬೇಡ ಎಂದರೆ ಅವರ ಪ್ರಾಮಾಣಿಕತೆಗೆ ಕೈಮುಗಿದು ಜಿಲ್ಲಾ ಕೇಂದ್ರಕ್ಕೆ ಹೋಗಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಹೊಟ್ಟೆಗೆ ಎಷ್ಟು ಹೊತ್ತು ಏನೂ ಕೊಡಬಾರದು ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಮರಿಗಳನ್ನು ರಾತ್ರಿಯಿಡೀ ಉಪವಾಸ ಕೆಡವುವುದು ಸರಿಯಲ್ಲ, ರಕ್ತದ ಸಕ್ಕರೆ ಇಳಿದುಬಿಡುತ್ತದೆ. ಗೋಣಿಚೀಲದಲ್ಲಿ ಒಯ್ಯಬೇಡಿ. ಎರಡು ಪ್ಲಾಸ್ಟಿಕ್ ತರಕಾರಿ ಕ್ರೇಟುಗಳನ್ನು ಒಂದರ ಮೇಲೊಂದು ಕವುಚಿ ಹಗ್ಗದಿಂದ ಕಟ್ಟಿದರೆ ಬಸ್ಸಿಗೆ ಅದೇ ಒಳ್ಳೆಯ ಪಂಜರ. ಮೇಲೆ ಹಳೆಯ ಸೀರೆ ಹೊದಿಸಿ, ಕತ್ತಲಾದರೆ ಸುಮ್ಮನಿರುತ್ತದೆ.

ಅರಿವಳಿಕೆಯಲ್ಲಿ ಬೆಕ್ಕಿನ ಕಣ್ಣು ತೆರೆದೇ ಇರಬಹುದು. ಸತ್ತುಹೋಗಿದೆ ಎಂದು ಅಲ್ಲೇ ಅಳಲು ಕುಳಿತವರನ್ನು ನೋಡಿದ್ದೇನೆ. ಕಣ್ಣು ಒಣಗದಂತೆ ಮುಲಾಮು ಹಚ್ಚಿರುತ್ತಾರೆ. ಮನೆಗೆ ತಂದ ಮೇಲೆ ನೆಟ್ಟಗೆ ನಡೆಯುವ ತನಕ ಎತ್ತರದ ಮೇಲೆ ಬಿಡಬೇಡಿ, ಹಾಲು ಕುಡಿಸಬೇಡಿ, ಬೆಚ್ಚಗಿಡಿ. ಬೆಚ್ಚಗೆ ಎಂದರೆ ಬಚ್ಚಲ ಒಲೆಯ ಬೂದಿಯಲ್ಲ. ಮಳೆಗಾಲದಲ್ಲಿ ನಮ್ಮ ಬೆಕ್ಕುಗಳಿಗೆ ಅದೇ ಹಾಸಿಗೆ ಎಂದು ಗೊತ್ತು, ಹಸಿ ಗಾಯಕ್ಕೆ ಬೂದಿ ಸೇರಿದರೆ ನನ್ನಂಥವರಿಗೆ ಇನ್ನೊಂದು ವಾರದ ಕೆಲಸ. ಒಂದು ಕೋಣೆಯಲ್ಲಿ, ಒಣ ಬಟ್ಟೆಯ ಮೇಲೆ, ನೊಣ ಬರದಂತೆ ಹತ್ತು ದಿನ. ಗಾಯ ನೆಕ್ಕಿ ಹೊಲಿಗೆ ಕಿತ್ತುಕೊಳ್ಳದಂತೆ ಕುತ್ತಿಗೆಗೆ ಕೊಳವೆಯಂಥ ಪಟ್ಟಿ ಕೊಡುತ್ತಾರೆ, ಅದು ಹಿಂದೆ ಹಿಂದೆ ನಡೆದು ಗೋಡೆಗೆ ಬಡಿದುಕೊಂಡರೂ ಮರುಕಪಟ್ಟು ಬಿಚ್ಚಬೇಡಿ.

ನೋವಿರಬಹುದು ಎಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ಜೀರ್ಣಿಸುವ ರಾಸಾಯನಿಕ ವ್ಯವಸ್ಥೆ ಬೆಕ್ಕಿನ ಪಿತ್ತಜನಕಾಂಗದಲ್ಲಿ ತೀರ ದುರ್ಬಲ. ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್ ಕೂಡ ಬೇಡ. ಗಾಯಕ್ಕೆ ಡೆಟಾಲ್, ನೆಲಕ್ಕೆ ಫಿನಾಯಿಲ್ ಎಂದು ಉತ್ಸಾಹ ತೋರಬೇಡಿ, ಅದು ಮೈ ನೆಕ್ಕಿದಾಗ ಎರಡೂ ಹೊಟ್ಟೆಗೆ ಹೋಗುತ್ತವೆ. ವೈದ್ಯರು ಬರೆದುಕೊಟ್ಟ ನೋವಿನ ಔಷಧ ಮಾತ್ರ ಸಾಕು. ಮರುದಿನವೂ ಅನ್ನ ಮುಟ್ಟದಿದ್ದರೆ, ವಸಡು ಬೆಳ್ಳಗಾದರೆ, ಗಾಯದಿಂದ ರಕ್ತ ಅಥವಾ ಕೆಟ್ಟ ವಾಸನೆ ಬಂದರೆ ಕಾಯದೆ ಒಯ್ಯಿರಿ. ಕೆಲವು ತಿಂಗಳ ನಂತರ ಹೆಣ್ಣು ಮತ್ತೆ ಬೆದೆಯ ಹಾಗೆ ಅರಚಿದರೆ ಅಂಡಾಶಯದ ಚೂರು ಒಳಗೆ ಉಳಿದಿರಬಹುದು, ಅದಕ್ಕೂ ಪರಿಹಾರವಿದೆ, ಮಾಡಿದ ವೈದ್ಯರಿಗೇ ತೋರಿಸಿ.

ಕೊನೆಯದಾಗಿ ಒಂದು ಸಣ್ಣ ಸಂಗತಿ, ಇದಕ್ಕೆ ಗಾಬರಿಯಾಗಿ ಎಷ್ಟೋ ಜನ ರಾತ್ರಿ ಫೋನ್ ಮಾಡುತ್ತಾರೆ. ಆಸ್ಪತ್ರೆಯಿಂದ ಬಂದ ಹೆಣ್ಣನ್ನು ಕಂಡು ಕೆಂಚ ಬುಸುಗುಟ್ಟಬಹುದು, ಹೊಡೆಯಲೂ ಹೋಗಬಹುದು. ಜೊತೆಗೇ ಹುಟ್ಟಿ ಬೆಳೆದದ್ದು ಹೀಗೆ ಮಾಡುತ್ತದೆಯಲ್ಲ ಎಂದು ಅತ್ತೆಯವರು ಅದರಲ್ಲೂ ಅಪಶಕುನ ಕಂಡಾರು. ಮೈಗೆ ಅಂಟಿದ ಔಷಧದ ವಾಸನೆಗೆ ಅದು ತಂಗಿಯ ಗುರುತು ಹಿಡಿದಿರುವುದಿಲ್ಲ, ಅಷ್ಟೇ. ಎರಡು ದಿನ ಬೇರೆ ಬೇರೆ ಇಡಿ. ಕೆಂಚ ಮಲಗುವ ಬಟ್ಟೆಯನ್ನು ಹೆಣ್ಣಿನ ಕೋಣೆಗೆ, ಹೆಣ್ಣಿನ ಬಟ್ಟೆಯನ್ನು ಕೆಂಚನ ಜಾಗಕ್ಕೆ ಹಾಕಿ. ಮೂರನೆಯ ದಿನ ಬಾಗಿಲು ತೆರೆದು ಕೆಂಚನನ್ನು ಒಳಗೆ ಬಿಟ್ಟು ನೋಡಿ.